ಎರಡನೇ ಪಾಠಕ್ಕೆ ಬೀಳುತ್ತಿದ್ದ ನಾನು

ನಾನು ಒಂದು ಫಂಕ್ಷನ್. ಮದುವೆ ಮುಂಜಿಯ ಫಂಕ್ಷನ್ ಅಲ್ಲ. ಕಂಪ್ಯೂಟರಿನೊಳಗೆ ಒಂದೇ ಕೆಲಸ ಮಾಡಿಕೊಂಡಿರುವ ಪುಟ್ಟ ಪ್ರೋಗ್ರಾಮು. ಕನ್ನಡದ ಪಾಠ ಕೊಟ್ಟರೆ ಅದನ್ನು ಬ್ರೈಲ್ ಚುಕ್ಕೆಗಳಾಗಿ ಮಾಡಿಕೊಡುವುದು ನನ್ನ ಕಸುಬು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮಹಾರುದ್ರಪ್ಪನವರದೊಂದು ವೆಬ್‌ಸೈಟ್ ಕಟ್ಟುವ ಆಫೀಸಿತ್ತು. ಅಲ್ಲಿ ಕೆಲಸಕ್ಕಿದ್ದ ರೋಹಿಣಿ ನನ್ನನ್ನು ಬರೆದಳು.

ಅವರು ಕಟ್ಟುತ್ತಿದ್ದ ವೆಬ್‌ಸೈಟು ಅಂಧ ಮಕ್ಕಳ ಶಾಲೆಯೊಂದರದು. ಅದು ಪಿಎಚ್‌ಪಿ ಭಾಷೆಯಲ್ಲಿತ್ತು. ಪಿಎಚ್‌ಪಿ ಒಳ್ಳೆಯದೇ, ಆದರೆ ಒಂದೊಂದೇ ಅಕ್ಷರ ಹಿಡಿದು ಚುಕ್ಕೆ ಮಾಡು ಎಂದರೆ ಏದುಸಿರು ಬಿಡುತ್ತಿತ್ತು. ಅದಕ್ಕೇ ರೋಹಿಣಿ ನನ್ನನ್ನು ಚುರುಕಾದ ಸಿ ಭಾಷೆಯಲ್ಲಿ ಬರೆದು, ಯಂತ್ರಕ್ಕೆ ನೇರ ತಿಳಿಯುವಂತೆ ಕಂಪೈಲ್ ಮಾಡಿ, ಪಿಎಚ್‌ಪಿಗೆ ಜೋಡಿಸಿದಳು. ಹುಟ್ಟಿದ್ದು ಸಿಯಲ್ಲಿ, ಬಾಳುವೆ ಪಿಎಚ್‌ಪಿಯಲ್ಲಿ. ಥೇಟ್ ಸೊಸೆಯ ಪಾಡು. ಅದು ಕೂಗಿದಾಗ ಓಗೊಡಬೇಕು, ಕೊಟ್ಟ ಪಾಠ ಓದಬೇಕು, ಚುಕ್ಕೆ ಮಾಡಿ ಒಪ್ಪಿಸಬೇಕು.

ಮೊದಮೊದಲು ನಾನು ಕೆಲಸಕ್ಕೆಂದು ತೆಗೆದುಕೊಂಡ ಮೆಮೊರಿಯನ್ನು ಹಾಗೇ ಬಿಟ್ಟು ಎದ್ದುಬಿಡುತ್ತಿದ್ದೆ. ಸಂಜೆಯ ಹೊತ್ತಿಗೆ ವೆಬ್‌ಸೈಟನ್ನು ಓಡಿಸುವ ಸರ್ವರ್ ಕಂಪ್ಯೂಟರು ತುಂಬಿ ಒದ್ದಾಡುತ್ತಿತ್ತು. ಮಹಾರುದ್ರಪ್ಪನವರು ರೋಹಿಣಿಗೆ, "ಉಂಡ ತಾಟು ತೊಳಿಯೂದು ಕಲಸವಾ ಇದಕ್ಕ" ಎಂದರು. ಅವಳಿಗೆ ಅವಮಾನವಾಯಿತು. ಕೆಲಸ ಮುಗಿದ ಮೇಲೆ ಎದುರಿಗಿದ್ದುದನ್ನೆಲ್ಲ ಬಳಿದು ಬಿಸಾಕುವಂತೆ ನನ್ನನ್ನು ತಿದ್ದಿಬಿಟ್ಟಳು.

ಆಮೇಲೊಂದು ಶುಕ್ರವಾರ ಶಾಲೆಯ ಖೈರುನ್ನಿಸಾ ಟೀಚರ್ ಬಂದರು. ಅವರಿಗೂ ಕಣ್ಣಿಲ್ಲ. ಏಳನೆಯ ತರಗತಿಯ ಸಮಾಜ ಪಾಠಗಳು ಬ್ರೈಲಿನಲ್ಲಿ ಇರಲಿಲ್ಲ. ಟೀಚರ್ ಯಾರಿಂದಲೋ ಓದಿಸಿಕೊಂಡು, ಬಾಯಿಪಾಠ ಮಾಡಿ ಮಕ್ಕಳಿಗೆ ಹೇಳುತ್ತಿದ್ದರು. ಮುಂದಿನ ವಾರ ಪರೀಕ್ಷೆ.

"ಮಕ್ಕಳು ತಾವs ಓದಬೇಕ್ರಿ," ಎಂದರು ಟೀಚರ್. "ನಾ ಹೇಳಿದ್ದು ಕೇಳಿ ಬರದ್ರ ಆ ಉತ್ತರ ನಂದು, ಅವರದಲ್ಲ."

ನನ್ನನ್ನು ಕರೆದರು. ಮೊದಲ ಪಾಠವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿಕೊಟ್ಟೆ. ಎರಡನೆಯದಕ್ಕೆ ಸರ್ವರ್ ಬಿತ್ತು, ಎಲ್ಲ ಸ್ತಬ್ಧ. ಎಬ್ಬಿಸಿದರು, ಮತ್ತೆ ಮೊದಲನೆಯದು ಸರಿ, ಎರಡನೆಯದಕ್ಕೆ ಬಿತ್ತು.

"ತಗದ ಒಗಿ ಇದನ್ನ," ಎಂದರು ಮಹಾರುದ್ರಪ್ಪನವರು. "ಹಳೇ ಪಿಎಚ್‌ಪಿನs ಇರಲಿ."

"ಅದನ್ನ ನಂಬಿದ್ರ ಪರೀಕ್ಷಾ ಮುಗದಮ್ಯಾಲೆ ಪಾಠ ಬರತಾವ್ರೀ ಸರ್," ಎಂದಳು ರೋಹಿಣಿ.

"ಹಂಗಾರ ಸಂಜೀತನಾ ನೋಡು."

ನನ್ನ ಆಯುಷ್ಯ ಸಂಜೆಯವರೆಗೆ. ಭಯವಾಯಿತು, ಸುಳ್ಳೇಕೆ ಹೇಳಲಿ. ರೋಹಿಣಿ ನನ್ನ ಸಾಲುಗಳನ್ನು ಒಂದೊಂದಾಗಿ ಕೆಲಸ ಮಾಡದಂತೆ ಮುಚ್ಚಿ, ನನ್ನನ್ನು ಓಡಿಸಿ ನೋಡುತ್ತ ಕೂತಳು. ಊಟಕ್ಕೂ ಏಳಲಿಲ್ಲ. ಬಳಿದು ಬಿಸಾಕುವ ಸಾಲುಗಳಲ್ಲಿ ಕೊನೆಯದನ್ನು ಮುಚ್ಚಿದಾಗ ಎರಡನೇ ಪಾಠ ದಾಟಿತು. ಮೂರನೆಯದೂ ದಾಟಿತು. ಅವಳು ತಲೆ ಮೇಲೆ ಕೈಹೊತ್ತು ನಗತೊಡಗಿದಳು.

"ಏನಾಗಿತ್ತವಾ?" ಎಂದು ಟೀಚರ್ ಕೇಳಿದರು.

"ನೀವು ಡಬ್ಬಿತುಂಬ ಉಪ್ಪಿಟ್ಟು ಕೊಟ್ರಿ ಅನ್ಕೋರಿ. ಇದು ತಿಂದು, ಸ್ವಚ್ಛ ಮಾಡತೇನಂತ ನಿಮ್ಮ ಡಬ್ಬೀನ ಗುಜರಿಗೆ ಹಾಕತಿತ್ತು. ಮುಂದಿನ ಸಲ ನೀವು ಡಬ್ಬಿಗೆ ಕೈ ಹಾಕಿದ್ರ ಅಲ್ಲಿ ಡಬ್ಬಿನs ಇಲ್ಲ. ಪಾಠ ಪಿಎಚ್‌ಪಿದ್ರೀ. ಓದಿ ಸುಮ್ಮನ ಬಿಡಬೇಕಿತ್ತು. ತನ್ನ ತಾಟಷ್ಟs ತೊಳಿ ಅಂತ ನಾನs ಹೇಳಿರಲಿಲ್ಲ."

"ಡಬ್ಬಿ ಹೋದ್ರ ಹೋಗಲಿ," ಎಂದರು ಟೀಚರ್. "ಪಾಠ ಕೊಡು."

ಬ್ರೈಲ್ ಪ್ರಿಂಟರ್ ಟಕಟಕ ಬಡಿಯಿತು. ಟೀಚರ್ ಹೊರಬಂದ ಹಾಳೆಯ ಮೇಲೆ ಬೆರಳಾಡಿಸುತ್ತ ಹೋದರು. ನಡುವೆ ಒಮ್ಮೆ ಬೆರಳು ನಿಂತಿತು. ನನ್ನ ಜೀವ ಹಾರಿತು. ಅವರು ಹಿಂದಿನ ಸಾಲಿಗೆ ಹೋಗಿ, ಇನ್ನೊಮ್ಮೆ ಓದಿ, ಮುಂದುವರಿದರು. ಅಲ್ಲೇನೂ ತಪ್ಪಿರಲಿಲ್ಲ, ಪಾಠ ಚೆನ್ನಾಗಿತ್ತಂತೆ. ಅಂದಿನ ಸಮಾಧಾನ ನನಗೆ ಮತ್ತೆಂದೂ ಸಿಕ್ಕಿಲ್ಲ.

ಆಮೇಲೆ ವರ್ಷಗಟ್ಟಲೆ ದುಡಿದೆ. ವಿಜ್ಞಾನ, ಗಣಿತ, ಶಾಲೆಯ ನಾಟಕದ ಮಾತು, ಎಲ್ಲ ಚುಕ್ಕೆ ಮಾಡಿದೆ. ಪಿಎಚ್‌ಪಿಯ ಹೊಸ ಆವೃತ್ತಿ ಬಂದಾಗ ನಾನು ಅದಕ್ಕೆ ಹೊಂದಲಿಲ್ಲ. ರೋಹಿಣಿ ಹೊಸದೊಂದನ್ನು ಬರೆದಳು. ನನ್ನನ್ನು ಅಳಿಸದೆ ಹಳೆಯ ಸರ್ವರಿನ ಮೂಲೆಯಲ್ಲಿ ಇಟ್ಟಿದ್ದಾಳೆ. ಆ ಸರ್ವರ್ ಅವಳ ಮೇಜಿನ ಕೆಳಗೇ ಇದೆ. ಯಾರೂ ಕರೆಯುವುದಿಲ್ಲವಲ್ಲ ಎಂದು ಕೆಲವು ದಿನ ಬೇಜಾರಾಯಿತು.

ಮೊನ್ನೆ ಟೀಚರ್ ಬಂದಿದ್ದರು. ಚಹಾ ಕುಡಿಯುತ್ತ ರೋಹಿಣಿಯ ಹತ್ತಿರ ದೂರು ಹೇಳಿದರು. "ಪಾಠ ಹೇಳಾಕ ಬಾಯಿ ತಗದ್ರ ಸಾಕು, ತಡೀರಿ ಟೀಚರ್, ಓದಾಕತ್ತೇವಿ, ಅಂತಾವ ಹುಡುಗ್ರು. ನನ್ನs ಸುಮ್ಮನ ಕೂಡಸತಾವ ನೋಡವಾ."

ದೂರು ಹೇಳುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಕೆಳಗೆ ನಾನೂ ಸುಮ್ಮನೆ ಕೂತಿದ್ದೆ.