ಎಣ್ಣೆ ಕಾಣದ ರಾಟೆ

ನಮ್ಮೂರು ಹಂಗಳದಿಂದ ಆಚೆ, ಕಾಡಿನ ಅಂಚಿಗೆ. ಊರ ನಡುವೆ ಒಂದೇ ಸೇದುವ ಬಾವಿ. ಹೊಸದಾಗಿ ಪಂಚಾಯಿತಿ ಬಂದ ಮೇಲೆ ಬಾವಿಗೆ ಕಲ್ಲಿನ ಕಟ್ಟೆ ಕಟ್ಟಿಸಿದರು. ಎರಡು ಮರದ ಕಂಬ ನಿಲ್ಲಿಸಿ, ಅಡ್ಡ ದಿಮ್ಮಿಗೆ ಕಬ್ಬಿಣದ ರಾಟೆ ಕಟ್ಟಿದರು. ನಾವು ಹೆಂಗಸರು ಎಷ್ಟು ಹಿಗ್ಗಿದೆವು ಅಂತೀರಿ! ಬಗ್ಗಿ ಸೇದಿ ಸೇದಿ ಸೊಂಟ ಬಿದ್ದುಹೋಗಿದ್ದವರು ನಾವು.

ಆದರೆ ಅಲ್ಲಿಂದಲೇ ಎಡವಟ್ಟು ಶುರುವಾಯಿತು. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವನ ದಿನ. ಹಿಂದೆಲ್ಲ ಆ ದಿನ ಮನೆಗೊಬ್ಬ ಗಂಡಸು ಬಂದು ಊರ ಕೆಲಸ ಮಾಡುತ್ತಿದ್ದ. ಬಾವಿಯ ಹೂಳೋ, ಗಾಡಿದಾರಿಯ ಹಳ್ಳವೋ, ಚಾವಡಿಯ ಹೆಂಚೋ, ಯಾವುದು ಕೆಟ್ಟಿದೆಯೋ ಅದು. ಪಂಚಾಯಿತಿ ಬಂದದ್ದೇ ತಡ, "ಇನ್ನು ಅವರೇ ನೋಡ್ಕೋತಾರೆ ಬುಡು" ಎಂದು ನಮ್ಮ ಗಂಡಸರು ಜಗುಲಿ ಹಿಡಿದು ಕೂತರು. ಪಂಚಾಯಿತಿಯವರೋ, ಎಂದಿನಂತೆ ಊರವರೇ ನೋಡಿಕೊಳ್ಳುತ್ತಾರೆ ಎಂದುಕೊಂಡು ಸುಮ್ಮನಾದರು. ಹೀಗೆ ಬಾವಿಗೆ ಯಾರೂ ದಿಕ್ಕಿಲ್ಲದಂತಾಯಿತು.

ನಮ್ಮ ಪಕ್ಕದ ಮನೆಯ ಮಾದಪ್ಪನ ವಿಷಯ ಕೇಳಿ. ತನ್ನ ಗಾಡಿಯ ಅಚ್ಚಿಗೆ ತಪ್ಪದೆ ಕೀಲೆಣ್ಣೆ ಹಾಕುವ ಮನುಷ್ಯ. ಅವನ ಗಾಡಿ ಗುಂಡ್ಲುಪೇಟೆ ಸಂತೆಗೆ ಈರುಳ್ಳಿ ಹೇರಿಕೊಂಡು ಹೋದರೆ ಒಂದು ಕಿರಕ್ ಸದ್ದು ಬಾರದು. ಅದೇ ಮನುಷ್ಯ ಸೋಮವಾರ ಎತ್ತು ತೊಳೆದು, ತಂದು ಕಟ್ಟುತ್ತಿದ್ದುದು ರಾಟೆಯ ಕಂಬಕ್ಕೇ! ಅವನನ್ನು ನೋಡಿ ಮಿಕ್ಕವರೂ ಕಟ್ಟಿದರು. ಎತ್ತು ಎಳೆದೆಳೆದು ಕಂಬ ಸಡಿಲವಾಯಿತು. ಚೆಲ್ಲಿದ ನೀರು ನಿಂತು ಬುಡ ಕೊಳೆತು ಲಡ್ಡಾಯಿತು. ಎಣ್ಣೆ ಕಾಣದ ರಾಟೆ ಬೆಳಗಾದರೆ ಕಿರುಚಿಕೊಳ್ಳುತ್ತಿತ್ತು.

ಅವನ ಹೆಂಡತಿ ಚಿಕ್ಕಮಲ್ಲಮ್ಮ ಎಷ್ಟೋ ಸಲ ಹೇಳಿದಳು. ನನ್ನ ಕಿವಿಯಾರೆ ಕೇಳಿದ್ದೇನೆ.

"ಒಸಿ ಕೀಲೆಣ್ಣೆ ಆ ರಾಟೆಗೂ ಬುಡಿ ಅಂದ್ರೆ. ಕಂಬಾನೂ ಅಲ್ಲಾಡ್ತದ. ಸೇದೋಕೆ ಭಯ ಆಯ್ತದ."

"ಸುಮ್ಕಿರಮ್ಮಿ. ಅದು ಸರ್ಕಾರದ ರಾಟೆ. ನಾ ಮುಟ್ಟಿ ನಾಳೆ ಏನಾರ ಆದ್ರೆ ಕೇಸು ನನ್ ಮ್ಯಾಲೇ ಬತ್ತದ."

"ಎತ್ತು ಕಟ್ಟುವಾಗ ಸರ್ಕಾರದ್ದು ಅನ್ನಿಸ್ನಿಲ್ವಾ?"

"ಓಗು ಓಗು, ಒಲೆ ನೋಡೋಗು!"

ಮುಂಗಾರು ಬಿತ್ತನೆಯ ಕಾಲ. ಹಿಂದಿನ ದಿನ ಮಳೆಯಾಗಿ ನೆಲ ನೆಂದಿತ್ತು. ಬೆಳಿಗ್ಗೆ ಚಿಕ್ಕಮಲ್ಲಮ್ಮ ಹಗ್ಗ ಎಳೆದಳು. ರಾಟೆ ಕಚ್ಚಿಕೊಂಡಿತು. ಇನ್ನೂ ಜೋರಾಗಿ ಎಳೆದಳು. ಕಂಬ ಬುಡದಲ್ಲೇ ಮುರಿದು, ದಿಮ್ಮಿ ಸಮೇತ ಅವಳ ಬಲಗೈ ಮೇಲೆ ಬಿತ್ತು. ಕೆಳಗೆ ಕಲ್ಲಿನ ಕಟ್ಟೆ. ಅಯ್ಯೋ, ಆ ಕೂಗು ಯಾರಿಗೂ ಬೇಡ.

ಗುಂಡ್ಲುಪೇಟೆಗೆ ಗಾಡಿ ಓಡಿಸಿದರು. ಜೀವ ಉಳಿಯಿತು. ಬೆರಳು ಮಾತ್ರ ಮತ್ತೆ ಮಡಚಲು ಬರಲಿಲ್ಲ.

ಅದು ಅಂಥಿಂಥ ಕೈಯಲ್ಲ. ಚಿಕ್ಕಮಲ್ಲಮ್ಮನ ಕೈಗುಣಕ್ಕೆ ಊರೇ ಕಾಯುತ್ತಿತ್ತು. ಯಾರ ಹೊಲದಲ್ಲಿ ಬಿತ್ತುವ ಕೂರಿಗೆ ಹೂಡಿದರೂ, ಮುಖ್ಯ ಬೆಳೆಯ ನಡುವಿನ ಅಕ್ಕಡಿ ಸಾಲಿಗೆ ಮೊದಲ ಅವರೆಕಾಳು ಬಿಡಲು ಅವಳನ್ನೇ ಕರೆಯುತ್ತಿದ್ದರು. ಆ ವರ್ಷವೂ ತಿಳಿಯದವರು ಯಾರೋ ಕರೆಯಲು ಬಂದರು. ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತು ಅತ್ತೆ.

ಅಕ್ಕನನ್ನು ನೋಡಲು ಅವಳ ತಮ್ಮ ನಂಜಯ್ಯ ಬಂದ. ಅವನು ತನ್ನ ಊರಿನ ಪಂಚಾಯಿತಿ ಮೆಂಬರು, ತಿಳಿದವನು. ನಮ್ಮ ಪಂಚಾಯಿತಿ ಛೇರ್ಮನ್ ಗಂಗಾಧರಸ್ವಾಮಿಯವರೂ ಅವಳನ್ನು ವಿಚಾರಿಸಲು ಬಂದು ಜಗುಲಿಯಲ್ಲಿ ಕೂತಿದ್ದರು.

"ಎಲ್ಲಾ ಸರ್ಕಾರದ ತಪ್ಪು ಕನ" ಎಂದ ಮಾದಪ್ಪ.

"ಸರ್ಕಾರ ಅಂದ್ರೆ ಯಾರು ಬಾವ?" ಎಂದ ನಂಜಯ್ಯ. "ಬಾವಿ ಪಂಚಾಯ್ತಿದು. ಪಂಚಾಯ್ತಿ ಯಾರ್ದು? ನೀವು ಕೊಡೋ ಮನೆ ಕಂದಾಯದ್ದು. ಕಂಬ ಸಡ್ಲ ಆಗದ ಅಂತ ಒಂದ್ ದಿನ ಚಾವಡಿಗೆ ಹೋಗಿ ಹೇಳುದ್ರಾ?"

"ಇಲ್ಲ ಕನ" ಎಂದ ಮಾದಪ್ಪ.

ನಂಜಯ್ಯ ಛೇರ್ಮನ್ನರ ಕಡೆ ತಿರುಗಿದ. "ನೀವೂ ಅಷ್ಟೇ ಸ್ವಾಮಿ. ಕಟ್ಟುಸ್ಬುಟ್ರೆ ಮುಗೀತಾ? ಹಸು ತಂದ್ ಮ್ಯಾಲೆ ಮೇವು ಹಾಕ್ಬೇಡ್ವಾ? ನಮ್ಮೂರಲ್ಲಿ ಬಾವಿಗೊಬ್ಬ, ದಾರಿಗೊಬ್ಬ ನೋಡ್ಕಳೋನು ಅಂತ ಸಭೇಲೇ ಗೊತ್ತು ಮಾಡೀವಿ. ಕಂದಾಯದಲ್ಲಿ ಒಂದ್ ಪಾಲು ರಿಪೇರಿಗೇ ಅಂತ ಎತ್ತಿಡ್ತೀವಿ. ಮುರಿಯೋಕ್ ಮುಂಚೇನೇ ನೋಡ್ಬೇಕು."

ಗಂಗಾಧರಸ್ವಾಮಿಯವರು, "ಹೌದು ಕಣಪ್ಪ. ಕಟ್ಟಿಸಿದ ದಿನ ಹಾರ ಹಾಕುಸ್ಕೊಂಡೆ. ಆಮೇಲೆ ಒಂದಿನಾನೂ ತಿರುಗಿ ನೋಡ್ನಿಲ್ಲ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಮುಂದಿನ ಸಭೆಯಲ್ಲಿ ಎಲ್ಲವೂ ತೀರ್ಮಾನವಾಯಿತು. ಹೊಸ ಕಂಬಕ್ಕೆ ಬುಡದಲ್ಲಿ ಕಲ್ಲು ಕೊಟ್ಟು ನಿಲ್ಲಿಸಿದರು. ನೀರು ಹರಿದುಹೋಗಲು ಚರಂಡಿ ತೆಗೆದರು. ಕಂಬಕ್ಕೆ ದನ ಕಟ್ಟಿದವರಿಗೆ ದಂಡ ಎಂದು ಡಂಗುರ ಸಾರಿಸಿದರು. ರಿಪೇರಿಗೆಂದು ಕಂದಾಯದ ಪಾಲು ಬೇರೆಯೇ ಇಟ್ಟರು. ರಾಟೆ ನೋಡಿಕೊಳ್ಳುವ ಕೆಲಸವನ್ನು ಮಾದಪ್ಪ ತಾನೇ ಕೇಳಿ ತೆಗೆದುಕೊಂಡ.

ಅವನು ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು. "ಇನ್ ಮ್ಯಾಲೆ ನಾ ನೋಡ್ಕತೀನಿ ಕಣಮ್ಮಿ."

"ನೋಡ್ಕಳಿ" ಎಂದಳು ಚಿಕ್ಕಮಲ್ಲಮ್ಮ. "ಮಿಕ್ಕ ಹೆಣ್ಮಕ್ಕಳ ಕೈಯಾದ್ರೂ ನೆಟ್ಟಗಿರ್ಲಿ."

ಬೈಯಲೂ ಇಲ್ಲ, ಅಳಲೂ ಇಲ್ಲ. ಮಾದಪ್ಪ ಎದ್ದು ಹಿತ್ತಲಿಗೆ ಹೋದವನು ಊಟದ ಹೊತ್ತಾದರೂ ಒಳಗೆ ಬರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಾನು ಬರೆದ ಈ ಕಾಗದ ಓದಿ ಮಡಚಿಡುವ ಮುಂಚೆ ನಿಮ್ಮೂರ ಬಾವಿಯ ಹತ್ತಿರ ಹೋಗಿ. ಕಂಬ ಅಲ್ಲಾಡಿಸಿ ನೋಡಿ. ಮೋರಿಯ ಚಪ್ಪಡಿ ಬಿರಿದಿದೆಯೇ ನೋಡಿ. ಕೆಟ್ಟಿದ್ದರೆ ಇವತ್ತೇ ಮೆಂಬರಿಗೆ ಹೇಳಿ. ಕೇಳದಿದ್ದರೆ ಸಭೆಯಲ್ಲಿ ಎದ್ದು ನಿಂತು ಹೇಳಿ. ಕಂದಾಯ ಕಟ್ಟಿ, ಅದರಲ್ಲಿ ರಿಪೇರಿಗೆ ಎಷ್ಟು ಇಟ್ಟಿರಿ ಎಂದು ಧೈರ್ಯವಾಗಿ ಕೇಳಿ. ಮುರಿದ ಕಂಬವನ್ನು ನಮ್ಮ ಪಂಚಾಯಿತಿ ಮತ್ತೆ ನಿಲ್ಲಿಸಿತು. ಚಿಕ್ಕಮಲ್ಲಮ್ಮನ ಬಲಗೈಯನ್ನು ಯಾವ ಪಂಚಾಯಿತಿ ರಿಪೇರಿ ಮಾಡಿಕೊಡುತ್ತದೆ, ಹೇಳಿ?