ವೇದಿಕೆ ಹಿಂದಿನ ನಲವತ್ತು ಸೆಕೆಂಡು

"ವೈರು ಎಳೀಬೇಡಿ ಅಕ್ಕಾ, ನಾನು ಬಿಡಿಸ್ತೀನಿ," ಎಂದು ತಂಗಿಯ ಜೊತೆ ಕೆಲಸ ಮಾಡುತ್ತಿದ್ದ ವಿಡಿಯೊ ಎಡಿಟರ್ ಓಡಿ ಬರುವಷ್ಟರಲ್ಲಿ ಅಕ್ಕ ಐದನೆಯ ಟೀವಿಯನ್ನೂ ತಬ್ಬಿ ಎತ್ತಿಯಾಗಿತ್ತು. ತಂಗಿಯ ದೇಹ ಹೊತ್ತ ವ್ಯಾನು ಆಸ್ಪತ್ರೆ ಬಿಟ್ಟಿದೆಯೆಂದು ಫೋನು ಬಂದಿತ್ತು. ನಡುಮನೆಯಲ್ಲಿ ಚಾಪೆ ಹಾಸಲೂ ಜಾಗವಿರಲಿಲ್ಲ.

"ಗಂಡ ಮಕ್ಕಳು ಅಂತ ಇವನ್ನೇ ಕಟ್ಕೊಂಡಿದ್ಲು. ಈಗ ಒಂದಾದ್ರೂ ಎದ್ದು ಜಾಗ ಬಿಡುತ್ತಾ ನೋಡು," ಎಂದಳು ಅಕ್ಕ. ಕಣ್ಣು ಒಣಗಿತ್ತು. ನಿನ್ನೆ ಬೆಳಗ್ಗೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಹೋಗಿ ತಂಗಿಯನ್ನು ಎಬ್ಬಿಸಲು ತಣ್ಣಗಿದ್ದ ಭುಜ ಮುಟ್ಟಿದಾಗಿನಿಂದ ಅವಳು ಒಂದಲ್ಲ ಒಂದು ಕೆಲಸ ಹಚ್ಚಿಕೊಂಡೇ ಇದ್ದಳು.

ಮೂವತ್ತು ವರ್ಷ ತಂಗಿ ಮದುವೆಗಳ ವಿಡಿಯೊ ತೆಗೆದಿದ್ದಳು. ಅದು ಹೊಟ್ಟೆಪಾಡು. ಮದುವೆಯವರು ಬೇಡವೆಂದ ತುಣುಕುಗಳನ್ನು ಕೂಡಿಸಿಟ್ಟುಕೊಂಡು ಅವಳು ಮಾಡುತ್ತಿದ್ದ ಕೆಲಸ ಬೇರೆಯೇ ಇತ್ತು: ಫೋಟೊಗೆ ನಕ್ಕು ಮುಗಿಸಿದ ಮೇಲಿನ ಮುಖಗಳು, ಮಾತಾಡಿಸುವವರಿಲ್ಲದೆ ಕೂತ ಚಿಕ್ಕಪ್ಪಂದಿರು, ಖಾಲಿ ಕುರ್ಚಿಗಳ ನಡುವೆ ನಿದ್ದೆಹೋದ ಕೂಸು. ಅದನ್ನೆಲ್ಲ ಐದು ಟೀವಿಗಳಲ್ಲಿ ಒಟ್ಟಿಗೆ ಓಡಿಸಿ ನೋಡುತ್ತ ಕೂರುತ್ತಿದ್ದಳು.

ದೇಹವನ್ನು ತಂದು ಮಲಗಿಸಿದರು. ಹನ್ನೊಂದರ ಹೊತ್ತಿಗೆ ಮನೆ ತುಂಬಿತು. ಬಂದವರಲ್ಲಿ ಅರ್ಧದಷ್ಟು ಜನರ ಮದುವೆಯಲ್ಲಿ ಅವಳ ಕ್ಯಾಮೆರಾ ಇತ್ತು.

"ನಮ್ಮನೆಯವರು ಗಂಟು ಮುಖ ಹಾಕ್ಕೊಂಡು ನಿಂತಿದ್ರು," ಎಂದು ಎದುರು ಮನೆಯಾಕೆ ಮೂಗೊರೆಸಿಕೊಂಡಳು. "'ಇವತ್ತೊಂದಿನ ನಕ್ಕುಬಿಡಿ ಸಾರ್, ನಾಳೆಯಿಂದ ನಿಮ್ಮಿಷ್ಟ' ಅಂದ್ಲು. ಇವರು ನಕ್ಕಿದ್ದು ಅದೇ ಕೊನೆ."

ಒಬ್ಬಿಬ್ಬರು ನಕ್ಕು, ದೇಹದತ್ತ ನೋಡಿ ಸುಮ್ಮನಾದರು. ಆಗಲೇ ಬಾಗಿಲಲ್ಲಿ ಒಬ್ಬಾಕೆ ಬಂದು ನಿಂತಳು. ಅಕ್ಕನ ಖಾತೆಯಿದ್ದ ಬ್ಯಾಂಕಿನಲ್ಲಿ ಗುಮಾಸ್ತೆ. ಅಕ್ಕನ ಕೈಯಲ್ಲಿದ್ದ ಹೂವಿನ ಬುಟ್ಟಿ ಅಲ್ಲೇ ನಿಂತಿತು.

"ಇವಳು ಯಾವ ಮುಖ ಹೊತ್ಕೊಂಡು ಬಂದ್ಲು?" ಎಂದಳು ಎಡಿಟರ್‌ಗೆ ಮಾತ್ರ ಕೇಳುವಂತೆ.

*

ಹನ್ನೊಂದು ವರ್ಷದ ಹಿಂದೆ ತಂಗಿಯ ಕೆಲಸವನ್ನು ಒಂದು ಗ್ಯಾಲರಿಯವರು ಒಂಬತ್ತು ದಿನ ತೋರಿಸಲು ಒಪ್ಪಿದ್ದರು. ಮೊದಲ ದಿನ ಅಕ್ಕನೂ ಹೋಗಿದ್ದಳು. ಪರದೆ ನೋಡುವುದಕ್ಕಿಂತ ಬಂದವರು ಉಟ್ಟು ತೊಟ್ಟದ್ದನ್ನೇ ಹೆಚ್ಚು ನೋಡಿ, ಕಾಲು ನೋವೆಂದು ಬೇಗ ಮನೆಗೆ ಬಂದಿದ್ದಳು.

ಮೂರನೆಯ ದಿನ ಈ ಬ್ಯಾಂಕಿನಾಕೆ ಯಾರೋ ಕರೆದರೆಂದು ಬಂದಳು. ಎರಡನೆಯ ಪರದೆಯಲ್ಲಿ ಒಬ್ಬ ಮನುಷ್ಯ ವೇದಿಕೆಯ ಹಿಂದೆ, ಅಲಂಕಾರದ ಬಟ್ಟೆಗಳ ಸಂದಿಯಲ್ಲಿ, ಬೆನ್ನು ಹಾಕಿ ನಿಂತಿದ್ದ. ಅವನ ಭುಜಗಳು ಅಲುಗುತ್ತಿದ್ದವು. ನಲವತ್ತು ಸೆಕೆಂಡು, ಅಷ್ಟೇ. ಹಿಂದಿನ ವರ್ಷ ತೀರಿಕೊಂಡಿದ್ದ ಅವಳ ಅಪ್ಪ ಅದು, ಅವಳದೇ ಮದುವೆಯ ದಿನ.

"ಯಾರ ಅಪ್ಪನ ಅಳು ಯಾರಿಗೆ ತೋರಿಸ್ತಿದೀರಾ?" ಎಂದು ಅವಳು ಕೂಗಿದ್ದು ಬೀದಿಗೆ ಕೇಳಿಸಿತ್ತು. "ನಾನೇ ನೋಡಿರಲಿಲ್ಲ ಇದನ್ನ!"

ತಂಗಿ ಹೋಗಿ ಐದು ಪರದೆಗಳನ್ನೂ ಆರಿಸಿದಳು. ಆಮೇಲೆ ಯಾವ ಗ್ಯಾಲರಿಯೂ ಅವಳನ್ನು ಕರೆಯಲಿಲ್ಲ. ಅಂದು ಟೀವಿಗಳು ಮನೆಗೆ ವಾಪಸು ಬಂದಾಗ "ಒಳ್ಳೇದೇ ಆಯ್ತು, ಹುಚ್ಚು ಬಿಟ್ಟಿತು" ಎಂದಿದ್ದಳು ಅಕ್ಕ. "ಆಯಮ್ಮ ಹೇಳಿದ್ದು ಸರಿ ಅಕ್ಕಾ" ಎಂದಷ್ಟೇ ಹೇಳಿ ತಂಗಿ ಒಳಗೆ ಹೋದಳು.

*

ಬ್ಯಾಂಕಿನಾಕೆ ದೇಹದ ಮುಂದೆ ಕೈ ಮುಗಿದು, ಅಕ್ಕನ ಪಕ್ಕ ಬಂದು ಕೂತಳು.

"ನಾಲ್ಕು ಸಲ ನಮ್ಮನೆ ಗೇಟಿನ ತನಕ ಬಂದಿದ್ರು. ಲ್ಯಾಪ್‌ಟಾಪು ಎದೆಗೆ ಒತ್ತಿಕೊಂಡು ನಿಂತಿರೋರು. ನಾನು ಮಹಡಿ ಕಿಟಕೀಲಿ ನಿಂತು ನೋಡ್ದೆ. ಇಳಿದು ಬರಲಿಲ್ಲ."

ಅಕ್ಕನಿಗೆ ಅರ್ಥವಾಗಲಿಲ್ಲ. ಎಡಿಟರ್ ಕೆಮ್ಮಿದ.

"ಆ ಗಲಾಟೆ ಆದ್ಮೇಲೆ ಪರದೆಯಲ್ಲಿ ಕಾಣೋ ಎಲ್ಲರ ಮನೆಗೂ ಹೋಗ್ತಿದ್ಲು ಅಕ್ಕಾ. ಅವರವರ ತುಣುಕು ಅವರಿಗೆ ತೋರಿಸಿ, ಇಟ್ಕೊಳ್ಳಲಾ ಅಂತ ಕೇಳೋದು. ಬೇಡ ಅಂದ್ರೆ ಅವರೆದುರೇ ಅಳಿಸೋದು. ನೂರ ನಲವತ್ತೆರಡು ಮನೆ ಆಗಿತ್ತು. ಇದೊಂದು ಉಳಿದಿತ್ತು."

ಭಾನುವಾರಗಳಲ್ಲಿ ತಂಗಿ ಎಲ್ಲಿಗೆ ಹೋಗುತ್ತಾಳೆಂದು ಅಕ್ಕ ಹನ್ನೊಂದು ವರ್ಷ ಕೇಳಿರಲಿಲ್ಲ. ಸುತ್ತಾಟ ಎಂದುಕೊಂಡು ಅನ್ನ ಮುಚ್ಚಿಟ್ಟು ಮಲಗುತ್ತಿದ್ದಳು.

"ನನಗೀಗ ಅದನ್ನ ನೋಡಬೇಕು," ಎಂದಳು ಬ್ಯಾಂಕಿನಾಕೆ. "ಇವರನ್ನ ತಗೊಂಡು ಹೋಗೋಕೆ ಮೊದಲು."

ಎಡಿಟರ್ ಅಕ್ಕನ ಮುಖ ನೋಡಿದ. ಈಗಲೇ ಎದ್ದು ಆಚೆ ನಡಿ ಎನ್ನಬೇಕೆಂದು ಅಕ್ಕನ ಬಾಯಿಗೆ ಬಂದಿತ್ತು. ತಂಗಿಯ ಹಣೆಯ ಮೇಲೆ ಬಿದ್ದಿದ್ದ ಕೂದಲೆಳೆಯನ್ನು ಸರಿಸಿ, "ನಡೀರಿ, ನಾನೂ ಬರ್ತೀನಿ," ಎಂದಳು.

ಒಳಗಿನ ಕೋಣೆಯಲ್ಲಿ ಮೂವರು ನಿಂತರೆ ಭುಜಕ್ಕೆ ಭುಜ ತಾಗುತ್ತಿತ್ತು. ಕಂಪ್ಯೂಟರಿನಲ್ಲಿ ಅದೇ ಬೆನ್ನು, ಅದೇ ಭುಜಗಳು ಕಾಣಿಸಿ, ನಲವತ್ತು ಸೆಕೆಂಡಿಗೆ ಪರದೆ ಕಪ್ಪಾಯಿತು.

"ಮುಖ ಕಾಣಲ್ಲ, ಬರೀ ಬೆನ್ನು ತಾನೆ ಅಂದ್ಕೊಂಡಿದ್ಲು," ಎಂದ ಎಡಿಟರ್. "ಮಗಳಿಗೆ ಅಪ್ಪನ ಬೆನ್ನು ಗುರುತು ಸಿಗಲ್ವಾ?"

"ಇಷ್ಟೇನಾ?" ಎಂದಳು ಬ್ಯಾಂಕಿನಾಕೆ.

ಅವನು ತಡವರಿಸಿದ. "ತೋರಿಸಿದ್ದು ಇಷ್ಟು. ಟೇಪಿನಲ್ಲಿ ಇನ್ನೂ ಇದೆ. ಅದನ್ನ ನಿಮಗೆ ತೋರಿಸಬೇಕೋ ಬೇಡವೋ ಅಂತ್ಲೇ ಅವಳು ಗೇಟಿನಿಂದ ವಾಪಸು ಬರ್ತಿದ್ದದ್ದು."

"ಹಾಕಿ."

ಭುಜಗಳು ನಿಂತವು. ಮನುಷ್ಯ ತಿರುಗಿದ, ಕ್ಯಾಮೆರಾ ಕಂಡು ಬೆಚ್ಚಿದ. "ಇದನ್ನ ನನ್ನ ಮಗಳಿಗೆ ಕೊಡಬೇಡಮ್ಮಾ," ಎಂದ, ಅಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತ. "ಅಪ್ಪ ಅತ್ತ ಅಂತ ಅವಳಿಗೆ ಗೊತ್ತಾದ್ರೆ, ಹೋದ ಮನೇಲಿ ನೆಮ್ಮದಿಯಾಗಿ ಇರಲ್ಲ."

"ಇಲ್ಲ ಸಾರ್, ಕೊಡಲ್ಲ," ಎಂದಿತು ಎಳೆಯ ದನಿ.

ಅಕ್ಕ ಪರದೆಯ ಹತ್ತಿರಕ್ಕೆ ಬಾಗಿದಳು. ಇಪ್ಪತ್ತೆಂಟರ ತಂಗಿಯ ದನಿ ಅದು, ಶೀತ ಕಟ್ಟಿದ ಮೂಗಿನದು. ಪಕ್ಕದಲ್ಲಿ ಬ್ಯಾಂಕಿನಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಕ್ಕ ಅವಳತ್ತ ತಿರುಗದೆಯೇ ಅವಳ ಮುಂಗೈ ಹಿಡಿದುಕೊಂಡಳು.

"ನಿಂದು ಊಟ ಆಯ್ತಾ?" ಎಂದು ಪರದೆಯ ಅಪ್ಪ ಕೇಳಿದ.

"ಎಲ್ಲರದೂ ಆಗಲಿ ಸಾರ್."

"ಎಲ್ಲರದೂ ಯಾವಾಗಮ್ಮಾ ಆಗೋದು? ಬೆಳಗಿಂದ ನಿಂತೇ ಇದೀಯ. ಅದನ್ನ ಕೆಳಗಿಡು. ಬಾ, ಕೂತ್ಕೋ."

ಚಿತ್ರ ತೂಗಾಡಿ, ವಾಲಿ, ನೆಲಕ್ಕಿಳಿಯಿತು. ಕ್ಯಾಮೆರಾ ಆರಿಸುವುದನ್ನು ಅವಳು ಮರೆತಿದ್ದಳು. ಹೊರಗೆ ವ್ಯಾನಿನವನು ಹಾರ್ನು ಒತ್ತಿದ. ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಪರದೆಯಲ್ಲಿ ಅಡ್ಡಡ್ಡವಾಗಿ ಎರಡು ಕುರ್ಚಿಗಳ ಕಾಲುಗಳು ಕಾಣುತ್ತಿದ್ದವು. ಒಂದರ ಕೆಳಗೆ ಮಿರುಗುವ ಹೊಸ ಬೂಟುಗಳು, ಇನ್ನೊಂದರ ಕೆಳಗೆ ಸವೆದ ಚಪ್ಪಲಿಯಿಂದ ಹೊರಬಂದ ಎರಡು ಬರಿಗಾಲುಗಳು. ಅವುಗಳ ಬೆರಳುಗಳು ನೆಲದ ತಂಪಿಗೆ ಒಮ್ಮೆ ಅಗಲವಾಗಿ ಬಿಚ್ಚಿಕೊಂಡವು.