ಅವ್ವನ ಕಲ್ಲು

“ಅದಲ್ಲ ಅಕ್ಕಾ, ನಮ್ಮ ದಂಡೆಗೆ ತಿರುಗಿಸು ಅಂದೆ,” ಎಂದು ಆಲ್ಡ್ರಿಕ್ ಮೂರನೆಯ ಸಲ ಹೇಳಿದ.

ಯೂನಿಸ್ ಚುಕ್ಕಾಣಿಯಿಂದ ಕೈ ತೆಗೆಯಲಿಲ್ಲ. “ತಡಿಯೋ! ಹತ್ತೊಂಬತ್ತು ವರ್ಷ ಬರದೇ ಇದ್ದೋನಿಗೆ ಈಗೇನು ಬೆಂಕಿ ಬಿದ್ದಿದೆ?”

ಹಾಯಿದೋಣಿಯ ನಡುವೆ, ಗೋಣಿತಾಟಿನಲ್ಲಿ ಸುತ್ತಿದ ಅವ್ವನ ಗೋರಿಕಲ್ಲು ಮಲಗಿತ್ತು. ಅವರ ಹುಟ್ಟೂರಾದ ಕ್ಯಾರಿಯಾಕೂ ದ್ವೀಪದಲ್ಲಿ ಮಣ್ಣು ಮಾಡಿದ ಕೂಡಲೇ ಯಾರೂ ಕಲ್ಲಿಡುವುದಿಲ್ಲ. ಮಕ್ಕಳ ಕೈಯಲ್ಲಿ ದುಡ್ಡು ಕೂಡಿದಾಗ ಕಲ್ಲಿಟ್ಟು ಊರಿಗೆಲ್ಲ ಊಟ ಹಾಕಬೇಕು. ಅಲ್ಲಿಯವರೆಗೆ ಸತ್ತವರಿಗೆ ನಿದ್ದೆಯಿಲ್ಲ. ಅವ್ವನನ್ನು ಮಣ್ಣು ಮಾಡಿ ಟ್ರಿನಿಡಾಡ್‌ಗೆ ದುಡಿಯಲು ಹೋಗಿ ಅಲ್ಲೇ ಉಳಿದ ಮಗನ ಕನಸಿಗೆ ಅವ್ವ ಬಂದು ಬಂದು ಬೈದಿದ್ದಳು. ಬೈಯದೆ ಮುದ್ದು ಮಾಡುತ್ತಾಳೆಯೇ! ಅಂತೂ ಕಲ್ಲು ಕೆತ್ತಿಸಿಕೊಂಡು ಪಕ್ಕದ ಗ್ರೆನಡಾದವರೆಗೆ ಬಂದ. ಅಲ್ಲಿಂದ ಅಕ್ಕ ಅಪ್ಪನ ಕಾಲದ ದೋಣಿಯಲ್ಲಿ ಕರೆತರುತ್ತಿದ್ದಳು.

ಅವಳು ಮೊದಲು ದೋಣಿ ನಿಲ್ಲಿಸಿದ್ದು ದ್ವೀಪದ ಪಡುವಣ ಬದಿಯಲ್ಲಿ. ಇಳಿದವನು ಬೆರಗಾಗಿ ನಿಂತ. ಚಿಕ್ಕವನಿದ್ದಾಗ ಮೊಣಕಾಲು ತರಚಿಕೊಳ್ಳುತ್ತಿದ್ದ ಬಂಡೆಗಳ ಜಾಗದಲ್ಲಿ ಈಗ ಹಿಟ್ಟು ಜರಡಿ ಹಿಡಿದಂಥ ಬಿಳಿ ಮರಳು, ಕಣ್ಣು ಹಾಯುವಷ್ಟು ದೂರ.

“ಇದೆಲ್ಲಿಂದ ಬಂತೇ?”

“ಬಿರುಗಾಳಿ ತಂದು ಸುರೀತು. ಸಮುದ್ರ ಒಂದು ಕಡೆ ತಗೊಂಡಿದ್ದನ್ನ ಇನ್ನೊಂದು ಕಡೆ ಹಾಕತ್ತೆ ಕಣೋ.”

ಮುಂದಿನ ದಂಡೆಯಲ್ಲೂ ಅದೇ ಬೆರಗು. ಐವತ್ತು ದಾಟಿದ ಗಂಡಸು, ಚಪ್ಪಲಿ ಕೈಯಲ್ಲಿ ಹಿಡಿದು ಅಲೆಯೊಳಗೆ ಓಡಾಡಿದ. ಯೂನಿಸ್ ಮಾತ್ರ ನಗಲಿಲ್ಲ.

ಮೂಡಣ ಮೂಲೆ ದಾಟಿದಾಗ ಆಲ್ಡ್ರಿಕ್ ಎದ್ದು ನಿಂತ. ಅವರ ದಂಡೆ ಅಲ್ಲಿರಲಿಲ್ಲ. ಬಾದಾಮಿ ಮರಗಳ ಸಾಲಿಲ್ಲ, ಅದರಡಿಯ ಗೋರಿಗಳಿಲ್ಲ. ಬರೀ ನೀರು.

“ಮರಳೆಲ್ಲಿ ಹೋಯ್ತು?”

“ನೀನಿಲ್ಲಿ ಕಟ್ಟಿದ ಮನೆ ಗೋಡೆಯೊಳಗಿದೆ. ಕತ್ತೆ ಮೇಲೆ ಹೇರಿಕೊಂಡು ಹೋದೆಯಲ್ಲ, ಮರೆತೆಯಾ? ನೀನೊಬ್ಬನೇ ಅಲ್ಲ ಬಿಡು, ಊರಿಗೆ ಊರೇ ಹೊತ್ತುಕೊಂಡು ಹೋಯ್ತು. ಮರಳು ಹೋದಮೇಲೆ ಸಮುದ್ರಕ್ಕೆ ಅಡ್ಡ ಯಾರು?”

“ಒಂದು ಮಾತು ಹೇಳಬಾರದಿತ್ತೇನೇ!”

“ಹೇಳಿದ್ದರೆ ಬರ್ತಿದ್ದೆಯಾ?”

ಅವನು ಕಲ್ಲಿನ ಪಕ್ಕ ಕೂತ. ಕಲ್ಲು ತಂದಿದ್ದಾನೆ, ಇಡಲು ಅವ್ವನೇ ಇಲ್ಲ. ಯೂನಿಸ್ ಹಾಯಿ ಇಳಿಸಿ ಲಂಗರು ಹಾಕಿದಳು. “ಅಳೋದು ಆಮೇಲೆ. ಬಗ್ಗಿ ನೋಡು.”

ಬಗ್ಗಿದ. ಎರಡಾಳು ಆಳದಲ್ಲಿ, ಗಾಜಿನಂಥ ನೀರಿನ ತಳದಲ್ಲಿ ಗೋರಿಗಳು ಸಾಲಾಗಿ ಮಲಗಿದ್ದವು. ತಾತನ ಎತ್ತರದ ಗೋರಿಯ ಮೈತುಂಬ ಹವಳ ಬೆಳೆದಿತ್ತು. ಹಳದಿ ಮೀನುಗಳು ಗುಂಪುಗುಂಪಾಗಿ ಸಾಲಿನಿಂದ ಸಾಲಿಗೆ ಹಾಯುತ್ತಿದ್ದವು. ತಾತನ ಪಕ್ಕದಲ್ಲಿ, ಕಲ್ಲಿಲ್ಲದ ಒಂದೇ ಒಂದು ಗೋರಿ. ಅದರ ಸಿಮೆಂಟು ಬಳಿದವನು ಅವನೇ. ಅಬ್ಬಾ, ಅವ್ವ ಜಾಗ ಬಿಟ್ಟು ಒಂದು ಗೇಣೂ ಕದಲಿರಲಿಲ್ಲ!

ಇಬ್ಬರೂ ಗೋಣಿತಾಟು ಬಿಚ್ಚಿ, ಕಲ್ಲಿಗೆ ಎರಡು ಹಗ್ಗ ಕಟ್ಟಿ ನಿಧಾನವಾಗಿ ಇಳಿಬಿಟ್ಟರು. ಒಮ್ಮೆ ವಾಲಿತು, ಅವ್ವನ ಎದೆಯ ಮೇಲೇ ಬೀಳುತ್ತದೆಂದು ಇಬ್ಬರೂ ಕೂಗಿಕೊಂಡರು. ಆಲ್ಡ್ರಿಕ್ ನೀರಿಗೆ ಹಾರಿ, ಮತ್ತೆ ಮತ್ತೆ ಮುಳುಗಿ, ಕಲ್ಲನ್ನು ತಲೆಯ ಕಡೆಗೆ ಸರಿಸಿ, ಅಕ್ಷರ ಮೇಲಾಗಿ ಮಲಗಿಸಿ ಬಂದ. ಕೈಯೆಲ್ಲ ತರಚಿತ್ತು.

ಇನ್ನು ಪದ್ಧತಿಯಂತೆ ಗೋರಿಗೆ ರಮ್ಮು, ನೀರು ಎರೆಯಬೇಕು. ರಮ್ಮು ಎರೆದ. ನೀರಿನ ಕೊಡ ಎತ್ತಿಕೊಂಡವನು ಹಾಗೇ ನಿಂತುಬಿಟ್ಟ.

“ಸಮುದ್ರಕ್ಕೆ ನೀರು ಹಾಕೋದೇನಕ್ಕಾ? ನೋಡಿದೋರು ನಗಲ್ವಾ?”

“ಹಾಕೋ,” ಎಂದಳು ಯೂನಿಸ್. “ಸಿಹಿನೀರು ಅದು. ಎಷ್ಟು ವರ್ಷದಿಂದ ಉಪ್ಪುನೀರಲ್ಲೇ ಬಿದ್ದಿದಾಳೆ.”

ಅವನು ಕೊಡ ಬಗ್ಗಿಸಿದ. ದೋಣಿಯಲ್ಲಿದ್ದ ಕುಡಿಯುವ ನೀರು ಅಷ್ಟೇ. ಯೂನಿಸ್ ಸಾಕು ಎನ್ನಲಿಲ್ಲ. ಸಿಹಿನೀರು ಉಪ್ಪುನೀರಿಗೆ ಬೆರೆಯುವಲ್ಲಿ ತೆಳ್ಳಗೆ ಮಂಜು ಕವಿದಂತಾಗಿ, ತಳದಲ್ಲಿದ್ದ ಅವ್ವನ ಹೆಸರು ಒಂದಿಷ್ಟು ಹೊತ್ತು ಅಲುಗಾಡಿ, ಮೆಲ್ಲಗೆ ನಿಂತಿತು.